ಡಿ ಮೈನರ್‌ನಲ್ಲಿ ಒಂದು ಬೀಳ್ಕೊಡುಗೆ

ಜಾಗ ಸಾಲುತ್ತಿಲ್ಲ, ಬೇಡದ್ದನ್ನು ಅಳಿಸು ಎಂದು ನನ್ನ ಕಂಪ್ಯೂಟರ್ ಬಹಳ ದಿನದಿಂದ ಬುದ್ಧಿ ಹೇಳುತ್ತಿತ್ತು. ಹೆಂಡತಿ ಹೇಳುವುದೂ ಅದನ್ನೇ ಆದ್ದರಿಂದ ಇಬ್ಬರ ಮಾತನ್ನೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೊನ್ನೆ ಭಾನುವಾರ ಮುಹೂರ್ತವಿರಲಿಲ್ಲ. ಮುಹೂರ್ತವಿಲ್ಲದ ಭಾನುವಾರ ಅರಸೀಕೆರೆಯಲ್ಲಿ ಮದುವೆ ವಿಡಿಯೋ ಮಾಡುವವನು ಏನು ಮಾಡಬೇಕು ಹೇಳಿ? ಸ್ಟುಡಿಯೋದ ಬಾಗಿಲು ತೆರೆದಿಟ್ಟುಕೊಂಡು ಕೂತು ಹಳೆಯ ಕಡತಗಳನ್ನು ಒಂದೊಂದಾಗಿ ಅಳಿಸತೊಡಗಿದೆ. ಯಾರದೋ ನಾಮಕರಣ ಹೋಯಿತು, ಯಾರದೋ ಗೃಹಪ್ರವೇಶ ಹೋಯಿತು. ಆಮೇಲೆ ಒಂದು ಸಂಗೀತದ ಕಡತ ಸಿಕ್ಕಿತು. ಅದರ ಜೊತೆ ನಾನೇ ಉಳಿಸಿಕೊಂಡಿದ್ದ ಚೀಟಿಯೊಂದಿತ್ತು. ‘ವಯೋಲ್ ಕನ್ಸಾರ್ಟ್, ರಿನೈಸಾನ್ಸ್ ಕಾಲ. ಟೆಂಪೋ: ಸ್ಲೋ. ಕೀ: ಡಿ ಮೈನರ್. ಮೂಡ್: ಸ್ಟೇಟ್ಲಿ, ಗ್ರೇವ್.’

ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಬೇಡ ಎಂದೆ. ಯಾಕೆ ಬೇಡ ಎನ್ನುವುದನ್ನು ನಿಮಗೆ ಹೇಳಬೇಕಾದರೆ ನನ್ನ ಮಾನವನ್ನು ನಾನೇ ತೆಗೆದುಕೊಳ್ಳಬೇಕಾಗುತ್ತದೆ. ನನ್ನ ಹೆಂಡತಿಯ ತವರಾದ ಹಗರೆ ಕಡೆಯವರು ಅದನ್ನು ಈಗಾಗಲೇ ತೆಗೆದಿರುವುದರಿಂದ ಹೆಚ್ಚಿನ ನಷ್ಟವೇನಿಲ್ಲ.

ಮೊದಲು ನನಗೂ ಸಂಗೀತಕ್ಕೂ ಇರುವ ಸಂಬಂಧ ಹೇಳಿಬಿಡುತ್ತೇನೆ. ಅದು ಬೇಗ ಮುಗಿಯುತ್ತದೆ. ನಮ್ಮಪ್ಪ ಕೊಬ್ಬರಿ ವ್ಯಾಪಾರಿ. ಅವರ ಕಿವಿ ಎಂಥದೆಂದರೆ ಎರಡು ತೆಂಗಿನಕಾಯನ್ನು ಒಂದಕ್ಕೊಂದು ತಟ್ಟಿ, ಒಳಗೆ ನೀರಿದೆಯೋ, ಕೊಬ್ಬರಿಯಾಗಿದೆಯೋ, ಇನ್ನೆಷ್ಟು ವಾರ ಅಟ್ಟದ ಮೇಲೆ ಇಡಬೇಕೋ ಹೇಳುತ್ತಿದ್ದರು. ನಾನು ತಟ್ಟಿದರೆ ಎರಡು ಕಾಯಿ ತಟ್ಟಿದ ಶಬ್ದ ಬರುತ್ತಿತ್ತು, ಅಷ್ಟೆ. ಸೋಮವಾರ ಸಂಜೆ ಮಠದಲ್ಲಿ ಅಪ್ಪನ ಭಜನಾ ಮೇಳ. ನನಗೆ ಏಳೋ ಎಂಟೋ ವರ್ಷವಿದ್ದಾಗ ಕೈಗೊಂದು ಜೊತೆ ತಾಳ ಕೊಟ್ಟು ಕೂರಿಸಿದರು. ಮೂರು ಸೋಮವಾರ ಸಹಿಸಿಕೊಂಡ ಅಪ್ಪ ನಾಲ್ಕನೆಯ ಸೋಮವಾರ ಹಾಡು ನಿಲ್ಲಿಸಿ, ತುಂಬ ಸಮಾಧಾನದಿಂದ, “ಮಗಾ, ನೀನು ಹಾಡಿಗೆ ತಾಳ ಹಾಕ್ತಿಲ್ಲ, ಹಾಡನ್ನ ಅಟ್ಟಿಸ್ಕೊಂಡು ಹೋಗ್ತಿದೀಯ. ಆ ಕಡೆ ಇಡು” ಎಂದರು. ತಾಳದ ಬದಲು ಗಂಟೆ ಕೊಟ್ಟರು. ಎರಡು ವಾರದಲ್ಲಿ ಗಂಟೆಯನ್ನೂ ಈಸಿಕೊಂಡು ಪ್ರಸಾದ ಹಂಚುವ ತಟ್ಟೆ ಕೊಟ್ಟರು. ಅದರಲ್ಲಿ ನಾನು ಚೆನ್ನಾಗಿ ನುರಿತೆ.

ದೊಡ್ಡವನಾದ ಮೇಲೆ, ಶಬ್ದವೇ ಇಲ್ಲದ ಕಸುಬೆಂದು ಫೋಟೋಗ್ರಫಿ ಹಿಡಿದೆ. ಕೆಲವು ವರ್ಷ ನೆಮ್ಮದಿಯಾಗಿತ್ತು. ಆಮೇಲೆ ವಿಡಿಯೋ ಬಂತು, ವಿಡಿಯೋದ ಹಿಂದೆಯೇ ಹಿನ್ನೆಲೆ ಸಂಗೀತ ಬಂತು. ಸಿನಿಮಾ ಹಾಡು ಹಾಕಿಕೊಂಡು ಹೇಗೋ ಸಾಗುತ್ತಿತ್ತು. ಈಗ ಎಲ್ಲರಿಗೂ ತಮ್ಮ ಮದುವೆ ಇಂಟರ್‌ನೆಟ್ಟಿನಲ್ಲಿ ಕಾಣಬೇಕು. ಬೇರೆಯವರ ಹಾಡು ಹಾಕಿದ್ದಕ್ಕೆ ಅಲ್ಲಿಯ ಯಂತ್ರ ಒಂದು ದಿನ ಬೇಲೂರಿನ ಮದುವೆಯೊಂದರ ಬಾಯಿ ಕಟ್ಟಿಬಿಟ್ಟಿತು. ವಾಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದಾರೆ, ಪುರೋಹಿತರು ಬಾಯಿ ಆಡಿಸುತ್ತಿದ್ದಾರೆ, ಪೂರ್ತಿ ನಿಶ್ಶಬ್ದ. ಹುಡುಗಿಯ ತಂದೆ ಫೋನು ಮಾಡಿ, ನಮ್ಮ ಮನೆ ಮದುವೆಯನ್ನು ಮೀನಿನ ತೊಟ್ಟಿ ಮಾಡಿಬಿಟ್ಟಿರಲ್ಲ ಎಂದರು. ಅಂದಿನಿಂದ ನಾನು, ಯಾರು ಬೇಕಾದರೂ ಬಳಸಬಹುದಾದ ಸಂಗೀತವನ್ನು ಇಟ್ಟಿರುವ ಒಂದು ತಾಣಕ್ಕೆ ಹೋಗತೊಡಗಿದೆ. ಅಲ್ಲಿ ಪ್ರತಿ ಸಂಗೀತಕ್ಕೂ ಔಷಧಿ ಬಾಟಲಿಗೆ ಇರುವಂತೆ ಚೀಟಿ. ಟೆಂಪೋ, ಕೀ, ಮೂಡ್. ಅರಸೀಕೆರೆಯಲ್ಲಿ ಟೆಂಪೋ ಎಂದರೆ ತೆಂಗಿನಕಾಯಿ ಸಾಗಿಸುವ ಗಾಡಿ, ಕೀ ಎಂದರೆ ಅದರ ಬೀಗದ ಕೈ, ಮೂಡ್ ಎಂದರೆ ಅದರ ಡ್ರೈವರ್‌ಗೆ ಬರಬೇಕಾದದ್ದು. ಟೆಂಪೋ ಎಂದರೆ ಹಾಡು ಓಡುವ ವೇಗ, ಕೀ ಎಂದರೆ ಅದು ನಿಂತಿರುವ ಶ್ರುತಿ, ಮೂಡ್ ಎಂದರೆ ಕೇಳಿದವರಿಗೆ ಆಗಬೇಕಾದ ಭಾವ ಎಂದು ತಿಳಿದುಕೊಂಡ ದಿನ ನನಗೆ ಜಂಬ ಬಂತು. ಕಿವಿ ಇಲ್ಲದವನಿಗೆ ಯಾರೋ ಕನ್ನಡಕ ಕೊಟ್ಟ ಹಾಗಾಯಿತು. ಕೇಳುವ ತೊಂದರೆಯೇ ಇಲ್ಲ, ಓದಿದರೆ ಸಾಕು.

ಆ ಜಂಬದ ದಿನಗಳಲ್ಲೇ ರುದ್ರಪ್ಪನವರ ನಿವೃತ್ತಿ ಬಂದದ್ದು.

ನನ್ನ ಹೆಂಡತಿ ಶೈಲಾಳ ತವರು ಹಗರೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ಸಿಗುವ ಹಳ್ಳಿ. ಹೆಸರು ಬೇಡ, ಇನ್ನೂ ಅಲ್ಲಿಗೆ ಹಬ್ಬಕ್ಕೆ ಹೋಗಬೇಕು. ಅಲ್ಲಿಯ ಹಾಲಿನ ಸೊಸೈಟಿಗೆ ರುದ್ರಪ್ಪನವರು ಸೆಕ್ರೆಟರಿ. ಶೈಲಾಳಿಗೆ ಸೋದರಮಾವನ ವರಸೆ. ಮೂವತ್ತಕ್ಕೂ ಹೆಚ್ಚು ವರ್ಷ, ದಿನಕ್ಕೆರಡು ಹೊತ್ತು, ಊರಿನ ಹಾಲಿಗೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆ ಇಳಿಬಿಟ್ಟು, ನೀರು ಬೆರೆತಿದೆಯೋ ಇಲ್ಲವೋ ನೋಡಿದ ಮನುಷ್ಯ. ಬೆರೆತಿದ್ದರೆ “ವಾಪಸ್” ಎನ್ನುವರು. ಆ ಒಂದೇ ಮಾತು. ಅದನ್ನು ತಮ್ಮ ಹೆಂಡತಿಯ ಅಣ್ಣನಿಗೂ ಹೇಳಿದ್ದಾರೆ, ಊರಿನ ಗೌಡರಿಗೂ ಹೇಳಿದ್ದಾರೆ. ಹತ್ತು ಹನ್ನೊಂದು ವರ್ಷದ ಕೆಳಗೆ ತಮ್ಮ ಒಡಹುಟ್ಟಿದ ತಂಗಿ ಗೌರಮ್ಮನಿಗೂ ಹೇಳಿದರು. ಸಾಲಿನಲ್ಲಿ ಊರೇ ನಿಂತಿತ್ತು. “ನನ್ನ ಹಾಲಿಗೆ ತೊಟ್ಟು ನೀರು ಬಿದ್ದಿಲ್ಲ” ಎಂದು ಗೌರಮ್ಮ ಆಣೆ ಮಾಡಿದರು. ರುದ್ರಪ್ಪನವರು ಕ್ಯಾನನ್ನು ಎತ್ತಿ ಪಕ್ಕಕ್ಕಿಟ್ಟರು. ಆವತ್ತಿನಿಂದ ಆಕೆ ಅಣ್ಣನ ಮನೆ ಮೆಟ್ಟಿಲು ಹತ್ತಲಿಲ್ಲ. ಹಾಲನ್ನು ಖಾಸಗಿ ವ್ಯಾನಿಗೆ ಹಾಕಿದರು. ಒಂದೇ ಬೀದಿಯಲ್ಲಿ ಎದುರಾದರೆ ಇಬ್ಬರೂ ಆಕಾಶ ನೋಡಿಕೊಂಡು ಹೋಗುವರು.

ಸೊಸೈಟಿಯ ಅಧ್ಯಕ್ಷರು ನನಗೆ ಫೋನು ಮಾಡಿದರು. “ನಮ್ಮ ಸೆಕ್ರೆಟರಿದು ಬೀಳ್ಕೊಡುಗೆ ಐತೆ. ಅವ್ರ ಜೀವನದ ಬಗ್ಗೆ ಒಂದು ಫಿಲಂ ಮಾಡ್ಕೊಡಿ. ಚೆನ್ನಾಗಿರ್ಬೇಕು, ಜನಕ್ಕೆ ಮನಸ್ಸಿಗೆ ತಟ್ಬೇಕು ನೋಡಿ” ಎಂದರು. ನಾನು ಹೆಂಡತಿಯ ಊರಿನಲ್ಲಿ ಅಳಿಯನಾಗಿ ಊಟ ಮಾಡಿದ್ದು ಬಿಟ್ಟರೆ ಬೇರೆ ಸಾಧನೆ ಮಾಡಿರಲಿಲ್ಲ. ಇದೇ ಸಮಯ ಅಂದುಕೊಂಡೆ.

ಹಳೆಯ ಫೋಟೋಗಳನ್ನು ಕೂಡಿಸಿದೆ. ಹಸುಗಳು, ಕ್ಯಾನುಗಳು, ತಾಲ್ಲೂಕು ಮಟ್ಟದ ಪ್ರಶಸ್ತಿ ತೆಗೆದುಕೊಳ್ಳುವ ರುದ್ರಪ್ಪನವರು. ಮೊದಲ ದೃಶ್ಯಕ್ಕೆ ಅವರ ದೊಡ್ಡದೊಂದು ಫೋಟೋ ಇಟ್ಟು, ಕಂಪ್ಯೂಟರಿನಲ್ಲೇ ಸಿಗುವ ಚೆಂಡುಹೂವಿನ ಹಾರದ ಚೌಕಟ್ಟು ಹಾಕಿದೆ. ಎರಡೂ ಕಡೆ ದೀಪ ಬಂತು, ತೆಗೆಯಲಿಲ್ಲ, ಶೋಭೆಯಾಗಿತ್ತು. ಕೆಳಗೆ ಹೆಸರು. ಹೆಸರಿನ ಕೆಳಗೆ ಅವರು ಕೆಲಸಕ್ಕೆ ಸೇರಿದ ವರ್ಷ, ಒಂದು ಅಡ್ಡಗೆರೆ, ನಿವೃತ್ತಿಯ ವರ್ಷ. ನೀವು ಈಗಲೇ ನಗುತ್ತಿದ್ದೀರಿ. ನನಗೆ ಆವತ್ತು ಹೊಳೆಯಲಿಲ್ಲ.

ಇನ್ನು ಸಂಗೀತ. ಚೀಟಿಗಳನ್ನು ಓದುತ್ತಾ ಹೋದೆ. ‘ವಯೋಲ್ ಕನ್ಸಾರ್ಟ್’ ಎಂದಿತ್ತು. ವಯಲಿನ್ ಎಂದು ಬರೆಯಲು ಹೋಗಿ ಕೊನೆಯ ಅಕ್ಷರಗಳನ್ನು ಬಿಟ್ಟಿದ್ದಾನೆ, ಕಾನ್ಸರ್ಟ್ ಎಂದು ಬರೆಯಲು ಹೋಗಿ ತಪ್ಪಿದ್ದಾನೆ, ಪಾಪ, ನಮ್ಮ ಹಾಗೆ ಇಂಗ್ಲಿಷು ಬಾರದವನು ಎಂದು ಬರೆದವನನ್ನು ಕ್ಷಮಿಸಿದೆ. ಮೂಡ್: ಸ್ಟೇಟ್ಲಿ. ಅಂದರೆ ರಾಜ್ಯಮಟ್ಟದ್ದು ಎಂದು ತಿಳಿದೆ. ಮನುಷ್ಯನಿಗೆ ತಾಲ್ಲೂಕು ಮಟ್ಟದ ಪ್ರಶಸ್ತಿಯಷ್ಟೇ ಬಂದಿದೆ, ಸಂಗೀತವಾದರೂ ರಾಜ್ಯಮಟ್ಟದ್ದಿರಲಿ. ಗ್ರೇವ್ ಎಂಬುದಕ್ಕೆ ನಿಘಂಟು ನೋಡಿದೆ. ಎರಡು ಅರ್ಥ ಕೊಟ್ಟಿದ್ದರು, ಒಂದು ಗಂಭೀರ, ಇನ್ನೊಂದು ಗೋರಿ. ಮೊದಲನೆಯದನ್ನು ಓದಿ ನಿಘಂಟು ಮುಚ್ಚಿದೆ. ಡಿ ಮೈನರ್ ಎಂಬಲ್ಲಿ ಮಾತ್ರ ಸ್ವಲ್ಪ ತಡೆದೆ. ಮದುವೆ ವಿಡಿಯೋ ಮಾಡುವವನಿಗೆ ಮೈನರ್ ಎಂಬ ಮಾತು ಕಂಡರೆ ಪೊಲೀಸರು ನೆನಪಾಗುತ್ತಾರೆ. ಆದರೆ ಇದು ನಿವೃತ್ತಿ, ಆ ಭಯವಿಲ್ಲ.

ಒಂದೇ ತೊಡಕು. ಫಿಲಂ ಉದ್ದವಾಗಿತ್ತು, ಸಂಗೀತ ಗಿಡ್ಡ. ಎರಡು ಸಲ ಹಾಕಿದರೆ ನಡುವೆ ಜೋಡಣೆ ಕಾಣುತ್ತದೆ ಎಂದು ನಾನು ಆ ಸಂಗೀತವನ್ನೇ ಹಿಡಿದು ಎಳೆದೆ. ಎಳೆದರೆ ವೇಗ ತಗ್ಗುತ್ತದೆ, ವೇಗದ ಜೊತೆ ಶ್ರುತಿಯೂ ಇಳಿಯುತ್ತದೆ ಎಂಬುದು ಕಿವಿ ಇದ್ದವರಿಗೆ ಗೊತ್ತಾಗುವ ವಿಷಯ. ಮೊದಲೇ ನಿಧಾನವಾದದ್ದು ಇನ್ನೂ ನಿಧಾನವಾಯಿತು. ಡಿ ಮೈನರ್ ಎಲ್ಲಿಗೆ ಇಳಿಯಿತೋ, ಆ ಶ್ರುತಿಗೆ ಯಾರೂ ಹೆಸರಿಟ್ಟಿರಲಾರರು. ಮನೆಯಲ್ಲಿ ಒಮ್ಮೆ ಹಾಕಿ ತೋರಿಸಿದಾಗ ಶೈಲಾ ಅಡುಗೆಮನೆಯಿಂದ ಇಣುಕಿ, “ಎಮ್ಮೆ ಕರು ಕಳ್ಕೊಂಡಿದ್ಯಾ?” ಎಂದಳು. ಹಾಲಿನ ಸೊಸೈಟಿಯ ವಿಷಯವಲ್ಲವೇ, ಹೊಂದುತ್ತದೆ ಎಂದೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಹಾಲು ಅಳೆದು ಮುಗಿದ ಮೇಲೆ ಸೊಸೈಟಿಯ ಹಜಾರದಲ್ಲಿ ಊರು ಸೇರಿತು. ಪರದೆ ಕಾಣಲೆಂದು ಕಿಟಕಿಗಳಿಗೆ ಗೋಣಿತಾಟು ಕಟ್ಟಿದ್ದೆವು. ಒಳಗೆ ಜಾಗ ಸಾಲದವರಿಗೆ ಕೇಳಲಿ ಎಂದು ಒಂದು ಸ್ಪೀಕರನ್ನು ರಸ್ತೆಯ ಕಡೆಗೆ ತಿರುಗಿಸಿದ್ದೆ. ಕಾರ್ಯಕ್ರಮವನ್ನು ಹಿಡಿಯಲು ಮೂಲೆಯಲ್ಲಿ ಕ್ಯಾಮೆರಾ ಓಡಲು ಬಿಟ್ಟಿದ್ದೆ. ರುದ್ರಪ್ಪನವರು ಮೈಸೂರು ಪೇಟ ಇಟ್ಟುಕೊಂಡು, ಶಾಲು ಹೊದ್ದು, ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತಿದ್ದರು. ದೀಪ ಆರಿಸಿದೆ. ಪರದೆಯ ಮೇಲೆ ಹಾರ ಹಾಕಿದ ರುದ್ರಪ್ಪನವರು ಮೂಡಿಬಂದರು. ಸ್ಪೀಕರಿನಿಂದ ಒಂದು ವಾದ್ಯ ಗಂಟಲು ಬಿಗಿದವರ ಹಾಗೆ ಹೊರಟಿತು. ಅದರ ಮಾತನ್ನೇ ಹಿಡಿದು ಇನ್ನೊಂದು, ಅದರ ಹಿಂದೆ ಮತ್ತೊಂದು, ಹೀಗೆ ಐದು ವಾದ್ಯ ಒಂದರ ಹೆಗಲಿಗೊಂದು ತಲೆಯಿಟ್ಟು ಕೂಡಿಕೊಂಡವು.

ಹಜಾರ ಗಪ್ ಆಯಿತು. ಅವರ ಮನಸ್ಸಿಗೆ ತಟ್ಟಿತು ಎಂದು ನಾನು ಹಿಗ್ಗಿದೆ. ಒಬ್ಬರು ಟೋಪಿ ತೆಗೆದರು. ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು, ಅವರನ್ನು ನೋಡಿ ಪಕ್ಕದವರೂ ನಿಂತರು. ಮೌನಾಚರಣೆ ಎಂದು ತಿಳಿದಿದ್ದಾರೆ ಎನ್ನುವುದು ನನಗೆ ನಿಧಾನವಾಗಿ ಅರ್ಥವಾಗತೊಡಗಿತು. ಹೆಂಗಸರ ಕಡೆಯಿಂದ ಶೈಲಾ ಕತ್ತಲಲ್ಲೇ ತಿರುಗಿ ನನ್ನನ್ನು ನೋಡಿದಳು. ಆ ನೋಟಕ್ಕೆ ಬೆಳಕು ಬೇಕಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಗೌರಮ್ಮ.

ಆಕೆ ಎರಡು ತಿಂಗಳಿಂದ ಅರೇಹಳ್ಳಿಯಲ್ಲಿದ್ದರು, ಮಗಳ ಬಾಣಂತನಕ್ಕೆ. ಆವತ್ತೇ ಬೆಳಗಿನ ಬಸ್ಸಿಗೆ ಹಗರೆಯಲ್ಲಿ ಇಳಿದು, ಕೈಚೀಲ ಹಿಡಿದುಕೊಂಡು ನಡೆದು ಬಂದಿದ್ದಾರೆ. ರಸ್ತೆಗೆ ಐದು ಎಮ್ಮೆಗಳ ಶೋಕ ಕೇಳಿಸಿದೆ. ಇದೇನಪ್ಪ ಎಂದು ಬಾಗಿಲಲ್ಲಿ ನಿಂತವನೊಬ್ಬನನ್ನು ಕೇಳಿದ್ದಾರೆ. ಅವನು ಮೆಲ್ಲಗೆ, “ರುದ್ರಣ್ಣನ ಕಾರ್ಯಕ್ರಮ” ಎಂದಿದ್ದಾನೆ. ನಮ್ಮ ಕಡೆ ಕಾರ್ಯ ಎಂದರೆ ತಿಥಿ. ಆಕೆ ಅರ್ಧ ಮಾತು ಕೇಳಿಸಿಕೊಂಡು ಒಳಗೆ ನೋಡಿದ್ದಾರೆ. ಕತ್ತಲು, ನಿಂತ ಜನ, ಪರದೆಯ ಮೇಲೆ ದೀಪದ ನಡುವೆ ಹಾರ ಹಾಕಿಕೊಂಡ ಅಣ್ಣ, ಹೆಸರಿನ ಕೆಳಗೆ ವರ್ಷ, ಅಡ್ಡಗೆರೆ, ವರ್ಷ.

ಕೈಚೀಲ ಬಿದ್ದ ಸದ್ದು ಕೇಳಿಸಿತು. ಆಮೇಲೆ ಆಕೆಯ ದನಿ. ನಮ್ಮ ಕಡೆ ಹೆಂಗಸರು ಸತ್ತವರನ್ನು ಮಾತಾಡಿಸಿಕೊಂಡು ಅಳುತ್ತಾರಲ್ಲ, ಹಾಗೆ.

“ಅಯ್ಯೋ ನನ್ನಣ್ಣಯ್ಯ, ನಂಗೊಂದು ಮಾತು ಹೇಳ್ದಂಗೆ ಹೊಂಟೋದೇನೋ. ಹೆಗಲ್ ಮ್ಯಾಲೆ ಹೊತ್ಕೊಂಡು ತಿರುಗ್ದೋನೇ, ನಿನ್ನ ಮುಖ ನೋಡ್ದಂಗೆ ಇದ್ನಲ್ಲೋ ಇಷ್ಟ್ ವರ್ಸ. ಆ ನೀರು ಹಾಕ್ದೋಳು ನಾನೇ ಕಣೋ. ಹಸ ಒದ್ದು ಹಾಲು ಚೆಲ್ಲೋಯ್ತು, ಒಳ್ಗೆ ಇವ್ರಿಗೆ ಜ್ವರ, ದಿಕ್ ಕಾಣ್ದಂಗೆ ಒಂದ್ ಚೊಂಬು ನೀರು ಉಯ್ದ್ಬುಟ್ಟೆ ಕಣೋ. ನಿನ್ನ ಮುಂದೆ ಸುಳ್ಳು ಆಣೆ ಮಾಡ್ದೆ ಕಣೋ.”

ಐದು ವಾದ್ಯಗಳೂ ಆಕೆಯ ಅಳುವಿಗೆ ಪಕ್ಕವಾದ್ಯದ ಹಾಗೆ ಸಾಗುತ್ತಿದ್ದವು. ನಾನು ಫಿಲಂ ನಿಲ್ಲಿಸುವ ಗುಂಡಿ ಹುಡುಕುತ್ತಿದ್ದೆ, ಕೈಗೆ ಸಿಕ್ಕಿದ್ದು ದನಿ ಹೆಚ್ಚಿಸುವ ಗುಂಡಿ. ಆಗ ಮುಂದಿನ ಸಾಲಿನ ಕತ್ತಲಿನಿಂದ ರುದ್ರಪ್ಪನವರ ದನಿ ಬಂತು.

“ಒಂದಲ್ಲ ಕಣವ್ವ. ಒಂದೂವರೆ ಚೊಂಬು.”

ಯಾರೋ ಕಿಟಕಿಯ ತಾಟು ಎಳೆದರು. ಬೆಳಕು ಬಂತು. ಹೋದ ಅಣ್ಣ ಪೇಟ ಇಟ್ಟುಕೊಂಡು ಎದುರಿಗೆ ನಿಂತಿದ್ದರು. ಗೌರಮ್ಮ ಗೋಡೆ ಹಿಡಿದುಕೊಂಡು ಕೂತುಬಿಟ್ಟರು. ಅಣ್ಣನನ್ನೂ ಪರದೆಯನ್ನೂ ನೋಡಿದರು.

“ಬದುಕಿದ್ದೀಯಾ?”

“ಇದ್ದೀನಿ. ರಿಟೈರ್ ಆದೆ, ಅಷ್ಟೆ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ಚೀಲ ಎತ್ತಿಕೊಂಡರು. “ಹಂಗಾದ್ರೆ ನಾನೇನೂ ಹೇಳ್ಲಿಲ್ಲ” ಎಂದು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಜನ ನಕ್ಕರು. ಒಬ್ಬರನ್ನು ನೋಡಿ ಇನ್ನೊಬ್ಬರು ನಕ್ಕರು. ರಸ್ತೆಯಲ್ಲಿ ಹೋಗುತ್ತಿದ್ದ ಆಕೆಯ ಬೆನ್ನಿಗೂ ಅದು ಕೇಳಿಸಿರಬೇಕು. ರುದ್ರಪ್ಪನವರು ಮಾತ್ರ ನಗಲಿಲ್ಲ. ಅಧ್ಯಕ್ಷರು ನನ್ನ ಹತ್ತಿರ ಬಂದು, “ಬದುಕಿರೋನಿಗೆ ತಿಥಿ ಮಾಡ್ಬುಟ್ರಲ್ರೀ” ಎಂದರು. ಬಾಳೆಲೆಯ ಮುಂದೆ ಕೂತ ನನಗೆ ಪಾಯಸ ಬಡಿಸಿದವನು, “ವಡೆನೂ ಹಾಕ್ಲಾ, ತಿಥಿ ಅಲ್ವಾ?” ಎಂದ. ಹೆಂಡತಿಯ ಊರಿನಲ್ಲಿ ನನಗೆ ಸಿಕ್ಕ ಮೊದಲ ಸನ್ಮಾನ ಅದು.

ವಾಪಸ್ ಬರುವಾಗ ಬಸ್ಸು ಜಾವಗಲ್ ದಾಟಿತು. ಶೈಲಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ಗೌರ ಚಿಕ್ಕಮ್ಮನ ಮರ್ಯಾದೆ ರುದ್ರಮಾವ ಒಂದ್ಸಲ ತೆಗೆದಿದ್ರು. ನೀವು ಎರಡ್ನೇ ಸಲ ತೆಗೆದ್ರಿ. ಅವರ ಕೈಲಿ ಲ್ಯಾಕ್ಟೋಮೀಟರ್ ಆದ್ರೂ ಇತ್ತು. ನಿಮ್ಮ ಕೈಲಿ ಏನಿತ್ತು?” ಎಂದಳು.

ನನ್ನ ಕೈಯಲ್ಲಿ ಚೀಟಿ ಇತ್ತು. ಮರುದಿನ ಅದನ್ನು ಮತ್ತೆ ತೆಗೆದು, ಈ ಸಲ ಕೆಳಗಿನ ತನಕ ಓದಿದೆ. ವಯೋಲ್ ಎಂದರೆ ವಯೋಲೇ. ಬರೆದವನು ಸರಿಯಾಗಿಯೇ ಬರೆದಿದ್ದ. ಸ್ಟೇಟ್ಲಿ ಎಂದರೆ ರಾಜ್ಯಮಟ್ಟವಲ್ಲ, ರಾಜಗಾಂಭೀರ್ಯ. ಯುರೋಪಿನಲ್ಲಿ ನಾಲ್ಕೈದು ನೂರು ವರ್ಷದ ಹಿಂದೆ ಜನ ಮನೆಯಲ್ಲಿ ನುಡಿಸಿಕೊಳ್ಳುತ್ತಿದ್ದ ವಾದ್ಯ. ಚಿಕ್ಕದು, ದೊಡ್ಡದು, ಇನ್ನೂ ದೊಡ್ಡದು ಎಂದು ಒಂದೇ ಕುಟುಂಬದವು ಸೇರಿ ನುಡಿದರೆ ಅದು ಕನ್ಸಾರ್ಟ್. ಐದು ಜನ ನುಡಿಸುವ ವಿಡಿಯೋ ಸಿಕ್ಕಿತು. ಪಿಟೀಲಿನ ಹಾಗೆ ಭುಜಕ್ಕಲ್ಲ, ವಾದ್ಯವನ್ನು ಎರಡು ಮಂಡಿಗಳ ನಡುವೆ ಹಿಡಿದುಕೊಳ್ಳುತ್ತಾರೆ, ಹಾಲು ಕರೆಯುವವರು ಪಾತ್ರೆ ಹಿಡಿದುಕೊಂಡ ಹಾಗೆಯೇ. ಮುಂದೆ ಕೂತವರ ಕಡೆ ನೋಡುವುದಿಲ್ಲ, ಐದೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೃದಂಗವಿಲ್ಲ, ತಾಳ ಹಾಕುವವರಿಲ್ಲ. ಉಸಿರಿನ ಲೆಕ್ಕದಲ್ಲೇ ಎಲ್ಲರೂ ಹೆಜ್ಜೆ ಕೂಡಿಸುತ್ತಾರೆ. ಚೀಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಅದು ಕುಣಿತದ ಸಂಗೀತವಂತೆ. ಹಬ್ಬದ ದಿನ ಗಂಡಸರೂ ಹೆಂಗಸರೂ ಜೋಡಿ ಜೋಡಿಯಾಗಿ ಕೈ ಹಿಡಿದು, ಒಳ್ಳೆಯ ಬಟ್ಟೆ ಹಾಕಿಕೊಂಡು, ಸಭೆಗೆ ನಡೆದು ಬರುವಾಗ ನುಡಿಸುತ್ತಿದ್ದದ್ದು. ಅವರು ನಡೆಯುತ್ತಿದ್ದ ಹಾಡನ್ನು ನಾನು ಹೆಣ ಹೊರುವ ಹಾಡು ಮಾಡಿದ್ದೆ.

ಇನ್ನೊಂದು ಫಿಲಂ ಮಾಡಿದೆ. ಹಾರ ತೆಗೆದೆ, ದೀಪ ತೆಗೆದೆ, ಅಡ್ಡಗೆರೆ ತೆಗೆದೆ. ಚೀಟಿಯಲ್ಲಿ ‘ಮೂಡ್: ಹ್ಯಾಪಿ’ ಎಂದಿದ್ದ ಗಿಟಾರ್ ಸಂಗೀತ ಹಾಕಿದೆ. ಎರಡು ವಾರ ಬಿಟ್ಟು ರುದ್ರಪ್ಪನವರ ಊರಿಗೆ ಹೊರಟೆ. ಹಳೇಬೀಡಿನಲ್ಲಿ ಬಸ್ಸು ಬದಲಿಸಬೇಕು, ಮುಂದಿನದಕ್ಕೆ ಮುಕ್ಕಾಲು ಗಂಟೆ ಇತ್ತು. ಧೈರ್ಯ ಸಾಲದೆ ದೇವಸ್ಥಾನದ ಒಳಗೆ ಹೋಗಿ ಒಂದು ಸುತ್ತು ಹಾಕಿದೆ. ನನ್ನ ಮೊದಲ ಕ್ಯಾಮೆರಾ ಹಿಡಿದು ಪ್ರವಾಸಿಗಳ ಫೋಟೋ ತೆಗೆದ ಅಂಗಳ ಅದು. ಆಗ ಜನರನ್ನು ನಿಲ್ಲಿಸಲು ಮಾತ್ರ ಗೋಡೆ ನೋಡುತ್ತಿದ್ದೆ. ಈ ಸಲ ಗೋಡೆಯನ್ನೇ ನೋಡಿದೆ. ಮೃದಂಗದವರು, ಕೊಳಲಿನವರು, ತಾಳದವರು, ಎಷ್ಟೊಂದು ಜನ. ತಾಳ ಹಿಡಿದವನೊಬ್ಬ ಎರಡು ಬಟ್ಟಲನ್ನೂ ದೂರ ಹಿಡಿದು ಎಂಟು ನೂರು ವರ್ಷದಿಂದ ಕಾಯುತ್ತಿದ್ದಾನೆ. ನಾನು ತಾಳ ಹಾಕಬಹುದಾದ ಮೇಳ ಇದೊಂದೇ ಎನ್ನಿಸಿತು.

ರುದ್ರಪ್ಪನವರ ಮನೆಗೆ ಹೋದಾಗ ಮಧ್ಯಾಹ್ನ. ಅವರ ಹೆಂಡತಿ ಬೇಲೂರಿಗೆ ಹೋಗಿದ್ದರು. ಪೇಟವಿಲ್ಲದ, ಕೆಲಸವಿಲ್ಲದ ರುದ್ರಪ್ಪನವರು ಚಿಕ್ಕವರಾಗಿ ಕಂಡರು. ಲ್ಯಾಪ್‌ಟಾಪಿನಲ್ಲಿ ಹೊಸ ಫಿಲಂ ಹಾಕಿದೆ. ಒಂದು ನಿಮಿಷ ನೋಡಿ, “ಇದ್ಯಾರ್ದು?” ಎಂದರು.

“ನಿಮ್ದೇ. ಖುಷಿಯಾಗಿರ್ಲಿ ಅಂತ.”

“ಸೋಪಿನ ಜಾಹೀರಾತು ಇದ್ದಂಗೈತೆ. ನಿಲ್ಸಪ್ಪ.”

ನಿಲ್ಲಿಸಿದೆ. ಅಷ್ಟರಲ್ಲಿ ಜಗಲಿಯ ಮೇಲೆ ಯಾರೋ ಕೂತ ಸದ್ದಾಯಿತು. ಗೌರಮ್ಮ. ಹೊಸ್ತಿಲಿನ ಆಚೆ, ಒಳಗೆ ಬೆನ್ನು ಮಾಡಿಕೊಂಡು ಕೂತಿದ್ದರು.

“ನಾನು ಯಾರ ಮನೆಗೂ ಬಂದಿಲ್ಲ. ಫೋಟೋದೋರು ಬಂದವ್ರೆ ಅಂದ್ರು, ಅವ್ರ ತಾವ ಮಾತಾಡೋಕೆ ಬಂದೆ” ಎಂದು ಬೀದಿಗೆ ಹೇಳಿದರು. ನಾನು ಎದ್ದು ಹೋಗಿ ಕೈ ಮುಗಿದೆ. ತಪ್ಪಾಯಿತು ಎಂದೆ.

“ಅವತ್ತು ನಾನು ಅತ್ತಿದ್ದೂ ನಿಮ್ಮ ವಿಡಿಯೋದಾಗೆ ಬಂದೈತಂತಲ್ಲ.”

“ಬಂದಿದೆ.”

“ಅತ್ತಿದ್ದು ಇರ್ಲಿ. ಅಳೋದ್ರಾಗೇನೈತೆ. ನೀರಿನ ಮಾತು ತೆಗೀರಿ.”

“ಎಲ್ಲಾ ಅಳಿಸ್ತೀನಿ ಗೌರಮ್ಮ.”

“ಎಲ್ಲಾ ಬ್ಯಾಡ. ನೀರಿನ ಮಾತು ಸಾಕು.”

ಒಳಗೆ ಬಂದೆ. ರುದ್ರಪ್ಪನವರು ಎದ್ದು ತಲೆ ಬಾಚಿಕೊಳ್ಳುತ್ತಿದ್ದರು. ಕ್ಯಾಮೆರಾ ತಂದಿದ್ದೀಯಾ ಎಂದು ಕೇಳಿದರು. ತಂದಿದ್ದೆ. “ಫಿಲಮ್ಮಿನ ಕೊನೇಗೆ ನಂದೊಂದು ಮಾತು ಹಾಕ್ಬೇಕು. ತೆಗ್ಕೋ” ಎಂದು ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತರು. ವಂದನಾರ್ಪಣೆ ಇರಬೇಕೆಂದು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. “ಹೂಂ, ಹೇಳಿ” ಎಂದೆ. ಅವರು ಗಂಟಲು ಸರಿಮಾಡಿಕೊಂಡರು. ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡರು. ಒಂದೇ ಮಾತಿನಲ್ಲಿ ಮೂವತ್ತು ವರ್ಷ ಕಳೆದವರಿಗೆ ಎರಡನೆಯ ಮಾತು ಬರುತ್ತಿರಲಿಲ್ಲ.

“ಸುಮ್ನೆ ಆಗಲ್ಲ” ಎಂದರು ಕೊನೆಗೆ. “ಅವತ್ತಿನ ಅದನ್ನ ಹಾಕು.”

“ಅದು ಬೇಡಿ. ಅದು...”

“ಹಾಕಪ್ಪ.”

ನಾನು ಎಳೆದು ಹಾಳುಮಾಡಿದ್ದನ್ನು ಹಾಕಲು ಮನಸ್ಸು ಬರಲಿಲ್ಲ. ಐದು ಜನ ನುಡಿಸಿದ್ದ ಹಾಗೆಯೇ, ಅದರ ವೇಗದಲ್ಲಿ, ಅದರ ಶ್ರುತಿಯಲ್ಲಿ ಹಾಕಿದೆ. ಮೊದಲನೆಯ ವಾದ್ಯ ಹೊರಟಿತು. ನಿಧಾನವೇ, ಆದರೆ ಕಾಲೆಳೆಯುವ ನಿಧಾನವಲ್ಲ. ದುಃಖ ಇತ್ತೋ ಏನೋ, ಇದ್ದರೂ ಅದು ತಲೆ ಎತ್ತಿಕೊಂಡು ನಡೆಯುತ್ತಿತ್ತು. ಎರಡನೆಯದು ಕೂಡಿತು. ಜಗಲಿಯಿಂದ ಗೌರಮ್ಮ, “ಇದು ಅದೇನಾ?” ಎಂದರು.

“ಅದೇ. ಅವತ್ತು ನಾನು ಎಳೆದುಬಿಟ್ಟಿದ್ದೆ.”

“ಇದು ಅಳೋ ಹಾಡಲ್ಲ” ಎಂದರು ಆಕೆ. ಅದು ಕುಣಿತದ್ದು ಎಂದಿದ್ದ ಚೀಟಿಯನ್ನು ಆಕೆ ಓದಿರಲಿಲ್ಲ.

ರುದ್ರಪ್ಪನವರು ಕ್ಯಾಮೆರಾವನ್ನೇ ನೋಡುತ್ತಾ ಮಾತು ಶುರುಮಾಡಿದರು.

“ಅವತ್ತು ಹಾಲ್ನಾಗೆ ನೀರಿತ್ತು. ಅದ್ರಾಗೇನೂ ಅನುಮಾನ ಇಲ್ಲ. ವಾಪಸ್ ಅನ್ಬೇಕಿತ್ತು, ಅಂದೆ. ಆದ್ರೆ ಮೆಲ್ಲಗೆ ಅನ್ನಬೋದಿತ್ತು. ಸಾಲು ಕರಗಿದ್ ಮೇಲೆ ಅನ್ನಬೋದಿತ್ತು. ಹಿಂದಿನ್ ದಿನ ಯಾರೋ, ಸೆಕ್ರೆಟರಿ ತಂಗಿ ಹಾಲಿಗೆ ಕೊಳವೆ ಇಳ್ಸಲ್ಲ ಅಂದಿದ್ರು. ಅದು ತಲೇಲಿತ್ತು. ಅದಕ್ಕೆ ಎಲ್ರಿಗೂ ಕಾಣಂಗೆ ಕ್ಯಾನ್ ಎತ್ತಿ ಇಟ್ಟೆ. ಭಾವಂಗೆ ಜ್ವರ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಜೋರಾಗಿ ಅಂದೆ. ನಾನು ಒಳ್ಳೇನು ಅನ್ನಿಸ್ಕೊಳಕ್ಕೆ ಅವ್ಳನ್ನ ಕೆಟ್ಟೋಳು ಮಾಡ್ದೆ.”

ಅಷ್ಟು ಹೇಳಿ ನಿಲ್ಲಿಸಿದರು. ಗೌರಮ್ಮ ಯಾವಾಗ ಎದ್ದರೋ ನಾನು ನೋಡಲಿಲ್ಲ. ನೋಡಿದಾಗ ಹೊಸ್ತಿಲಿನ ಈಚೆ, ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದರು. ಐದು ವಾದ್ಯಗಳು ತಮ್ಮ ಪಾಡಿಗೆ ನಡೆದು ಹೋಗಿ, ಎಲ್ಲೋ ಒಂದು ಕಡೆ ಒಟ್ಟಿಗೆ ನಿಂತವು. ಬೀದಿಯಲ್ಲಿ ಒಂದು ಕರು ಕೂಗಿತು.

ರುದ್ರಪ್ಪನವರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು, “ಬಂತೇನಪ್ಪ?” ಎಂದು ನನ್ನನ್ನು ಕೇಳಿದರು.

ನಾನು ಕ್ಯಾಮೆರಾ ನೋಡಿದೆ. ಕೆಂಪು ದೀಪ ಇರಲಿಲ್ಲ. ಗುಂಡಿ ಒತ್ತಿಯೇ ಇರಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ಎಷ್ಟೋ ತಾಳಿ ಕಟ್ಟುವುದನ್ನು ತಪ್ಪಿಸಿಕೊಂಡಿದ್ದೇನೆ, ಒಮ್ಮೆಯೂ ನಿಜ ಹೇಳಿರಲಿಲ್ಲ. ಆವತ್ತು ಯಾಕೋ ಹೇಳಿಬಿಟ್ಟೆ.

“ಬಂದಿಲ್ಲ. ಗುಂಡಿ ಒತ್ತೋದು ಮರೆತೆ.”

ಅವರು ನನ್ನನ್ನು ನೋಡಿದರು. ಕೆಟ್ಟ ಹಾಲು ತಂದವರನ್ನು ನೋಡುವ ಹಾಗೆ. “ಇನ್ನೊಂದ್ ಸಲ ಹೇಳಕ್ಕೆ ನನ್ನ ಕೈಲಾಗಲ್ಲ” ಎಂದರು.

“ಇನ್ನೊಂದ್ ಸಲ ಯಾಕೆ?” ಎಂದರು ಗೌರಮ್ಮ, ನೆಲದ ಮೇಲಿನಿಂದ ಏಳದೆ. “ನಂಗೆ ಕೇಳಿಸ್ತು.”